ರಿಪೇರಿ ಮುಗಿದ ಗ್ರಂಥಾಲಯ: ಖುರ್ಚಿಗೆ ಪೂರ್ತಿ ಅಂಕ, ಕಪಾಟಿಗೆ ಅರ್ಧ

ಕಲಬುರಗಿಯಲ್ಲಿ ಮನೆ ಕರ ಕಟ್ಟುವವರೆಲ್ಲ ಗ್ರಂಥಾಲಯಕ್ಕೂ ದುಡ್ಡು ಕೊಡುತ್ತಿದ್ದಾರೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರುತ್ತದೆ. 3,000 ರೂಪಾಯಿ ತೆರಿಗೆಗೆ 180 ರೂಪಾಯಿ. ಆದ್ದರಿಂದ ಹಳೆ ಬಡಾವಣೆಯ ಈ ಶಾಖಾ ಗ್ರಂಥಾಲಯ ರಿಪೇರಿ ಮುಗಿಸಿ ಬಾಗಿಲು ತೆರೆದಾಗ 'ಪುಕ್ಕಟೆ ಸಿಗೋದು, ಸಿಕ್ಕಿದ್ದೇ ಭಾಗ್ಯ' ಅಂತ ಸುಮ್ಮನಾಗುವ ಅಗತ್ಯವಿಲ್ಲ. ದುಡ್ಡು ಕೊಟ್ಟು ಉಂಡ ಊಟದ ಬಗ್ಗೆ ಎಷ್ಟು ಖಡಕ್ಕಾಗಿ ಮಾತಾಡುತ್ತೇವೋ ಅಷ್ಟೇ ಖಡಕ್ಕಾಗಿ ಮಾತಾಡಬಹುದು.

ತೀರ್ಪು ಮೊದಲೇ ಹೇಳುವುದಾದರೆ: ಕೂತು ಓದುವವರಿಗೆ ಕೆಲಸ ಚೆನ್ನಾಗಿ ಆಗಿದೆ. ಪುಸ್ತಕ ಹುಡುಕಿಕೊಂಡು ಬರುವವರಿಗೆ ಮುಂಚಿನದಕ್ಕಿಂತ ತ್ರಾಸು ಹೆಚ್ಚಾಗಿದೆ. ಹೀಗಾಗಿರುವುದು ದುಡ್ಡಿನ ಕೊರತೆಯಿಂದಲ್ಲ. ಕಟ್ಟಡದ ಕೆಲಸಕ್ಕೂ ಪುಸ್ತಕದ ಕೆಲಸಕ್ಕೂ ತಾಳಮೇಳ ಇಲ್ಲದ್ದರಿಂದ.

ಒಳ್ಳೆಯದರಿಂದಲೇ ಶುರು ಮಾಡೋಣ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಯಾವ ರಿಪೇರಿಯೂ ಮಾಳಿಗೆಯಿಂದ ಶುರುವಾಗಬೇಕು. ಇಲ್ಲಿ ಹಾಗೇ ಶುರುವಾಗಿದೆ. ಇದು ಒಂದೇ ಅಂತಸ್ತಿನ ಆರ್‌ಸಿಸಿ ಕಟ್ಟಡ, ದಿನವಿಡೀ ನೆತ್ತಿಗೆ ಬಿಸಿಲು. ಗೌಂಡಿಗಳು ಹಳೆಯ ಬಿರುಕುಗಳನ್ನು ಕೊರೆದು ತುಂಬಿದ್ದಾರೆ, ನೀರು ಹರಿಯುವ ಕಡೆಗೆ ಇಳಿಜಾರು ಸರಿಪಡಿಸಿದ್ದಾರೆ, ಅದರ ಮೇಲೆ ಸೋರಿಕೆ ತಡೆಯುವ ಲೇಪ, ಕೊನೆಗೆ ಬಿಸಿಲು ಹಿಂದಕ್ಕೆ ಹೊಡೆಯುವ ಬಿಳಿ ಬಣ್ಣ ಎರಡು ಕೋಟು. ಮಧ್ಯಾಹ್ನ 3 ಗಂಟೆಗೆ ಒಳಗೆ ಕಾಲಿಟ್ಟರೆ ಗೊತ್ತಾಗುತ್ತದೆ: ಫ್ಯಾನು ಕಾದ ಗಾಳಿಯನ್ನೇ ಕೆಳಗೆ ನೂಕುವ ಕಾಟ ಈಗ ಬಹಳ ಕಡಿಮೆ. ಆದರೆ ಈ ಬಿಳಿ ಬಣ್ಣ ಒಮ್ಮೆ ಬಳಿದು ಮರೆಯುವ ಮಾಲಲ್ಲ. ನಮ್ಮ ಧೂಳಿಗೆ ಒಂದೇ ವರ್ಷದಲ್ಲಿ ಬೂದು ತಿರುಗುತ್ತದೆ, ಬೂದು ತಿರುಗಿದಷ್ಟೂ ಕೆಲಸ ತಗ್ಗುತ್ತದೆ. ಪ್ರತಿ ಫೆಬ್ರುವರಿಯಲ್ಲಿ ಕಸಬರಿಗೆ ಹಾಕಿ ನೀರಿನಿಂದ ಉಜ್ಜಿ ತೊಳೆಸಬೇಕು, ಮೂರ್ನಾಲ್ಕು ವರ್ಷಕ್ಕೊಮ್ಮೆ ಮತ್ತೆ ಬಳಿಸಬೇಕು. ಇನ್ನೊಂದು, ಮಳೆನೀರಿನ ಕೊಳವೆಯ ಬಾಯಿಗೆ ಜಾಲರಿ ಹಾಕಿಲ್ಲ. ಪಕ್ಕದಲ್ಲೇ ಬೇವಿನ ಮರ. ಎಲೆ ಸಿಕ್ಕಿಕೊಂಡು ಬಾಯಿ ಮುಚ್ಚಿದರೆ ಸೆಪ್ಟೆಂಬರ್ ಮಳೆಗೆ ನೀರು ಮಾಳಿಗೆಯ ಮೇಲೆ ನಿಲ್ಲುತ್ತದೆ, ಹೊಸ ಲೇಪದ ಕೆಳಗೂ ನುಗ್ಗುತ್ತದೆ. ಒಂದು ಗುಮ್ಮಟದಾಕಾರದ ಜಾಲರಿಗೆ ಆಗುವ ಖರ್ಚು ನಾಲ್ಕು ಪುಸ್ತಕದ ಬೆಲೆಯೂ ಅಲ್ಲ.

ಕೂಲರ್ ವಿಷಯದಲ್ಲಿ ಅರ್ಧ ಬುದ್ಧಿವಂತಿಕೆ ಆಗಿದೆ. ಒಣ ಬಿಸಿಲಿನ ನಮ್ಮ ಸೀಮೆಗೆ ನೀರಿನ ಕೂಲರ್ ಎಸಿಗಿಂತ ಅಗ್ಗ, ರಿಪೇರಿಯೂ ಊರಲ್ಲೇ ಆಗುತ್ತದೆ. ಕೂಲರ್ ಅಂದರೆ ಒದ್ದೆ ಗಾಳಿ, ಆ ಗಾಳಿ ಒಂದು ಕಡೆ ಒಳಗೆ ಬಂದರೆ ಇನ್ನೊಂದು ಕಡೆ ಹೊರಗೆ ಹೋಗಲೇಬೇಕು. ಇಲ್ಲಿ ಧೂಳು ಬರುತ್ತದೆಂದು ಎದುರಿನ ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿರುತ್ತಾರೆ. ಅರ್ಧ ಗಂಟೆ ತಂಪು, ಆಮೇಲೆ ಜಿಗುಟು. ಅದರ ಮೇಲೆ ಎರಡು ಕೂಲರ್‌ಗಳಲ್ಲಿ ಒಂದರ ಬಾಯಿ ನೇರ ಪುಸ್ತಕದ ಸಾಲಿಗೆ ತಿರುಗಿದೆ. ಗಾಳಿಯ ತೇವ ಶೇ 65 ದಾಟಿ ಕೆಲವು ದಿನ ಅಲ್ಲೇ ನಿಂತರೆ ರಟ್ಟಿನ ಮೇಲೆ ಬೂಷ್ಟು ಹಿಡಿಯುತ್ತದೆ. ಬಟ್ಟೆ ಬೈಂಡಿನ ಹಳೆ ಪುಸ್ತಕಕ್ಕೆ ಮೊದಲು, ಯಾಕೆಂದರೆ ಅದರ ಅಂಟು ಹಿಟ್ಟಿನದು. ಪರಿಹಾರ ಸುಲಭ: ಎರಡೂ ಕೂಲರ್ ಓದುವ ಮೇಜಿನ ಕಡೆಗೆ ತಿರುಗಲಿ, ಎದುರು ಕಿಟಕಿಯ ಮೇಲ್ಭಾಗ ಒಂದು ಗೇಣು ತೆರೆದಿರಲಿ, ಜೂನ್ ಮಳೆ ಹಿಡಿದ ಮೇಲೆ ಕೂಲರ್‌ಗೆ ನೀರು ಹಾಕುವುದೇ ಬೇಡ.

ನೆಲದ ಬಗ್ಗೆ ಒಂದೇ ಮಾತು. ಹಳೆ ಶಹಾಬಾದ್ ಫರಸಿ ಕಿತ್ತು ಮಿಂಚುವ ಟೈಲ್ಸ್ ಹಾಕಿದ್ದಾರೆ. ಇದೇ ಜಿಲ್ಲೆಯ ಕಲ್ಲು, ಬೇಸಿಗೆಗೆ ತಂಪು, ಖುರ್ಚಿ ಎಳೆದರೆ ಕಿರ್ ಅನ್ನದು, ಪಾಲಿಶ್ ಮಾಡಿಸಿದ್ದರೆ ಇನ್ನೂ ಎಷ್ಟೋ ವರ್ಷ ಬರುತ್ತಿತ್ತು. ಈಗ ಕಿತ್ತಾಗಿದೆ, ಕನಿಷ್ಠ ಖುರ್ಚಿ ಕಾಲಿಗೆ ರಬ್ಬರ್ ಬುಷ್ ಹಾಕಿಸಿ, ಓದುಗರ ಕಿವಿ ಉಳಿಯಲಿ.

ಇನ್ನು ರಿಪೇರಿಯ ದೊಡ್ಡ ಎಡವಟ್ಟಿಗೆ ಬರೋಣ. ಟ್ಯೂಬ್‌ಲೈಟ್‌ಗಳಿಗೆ ವೈರಿಂಗ್ ಎಳೆದದ್ದು ರ‍್ಯಾಕ್‌ಗಳು ಉದ್ದುದ್ದ ನಿಲ್ಲುತ್ತವೆಂಬ ಲೆಕ್ಕದಲ್ಲಿ. ರ‍್ಯಾಕ್ ಬಂದಾಗ ಜಾಗ ಸಾಲದೆ ಅಡ್ಡಡ್ಡ ನಿಲ್ಲಿಸಿದರು. ಪರಿಣಾಮ, ದೀಪಗಳು ರ‍್ಯಾಕ್‌ಗಳ ನೆತ್ತಿಯ ಮೇಲೆ ಉರಿಯುತ್ತಿವೆ, ನಡುವಿನ ಓಣಿಗಳಲ್ಲಿ ಕತ್ತಲೆ. ಮೇಲಿನ ಮೂರು ಹಲಗೆ ಓದಬಹುದು. ಕೆಳಗಿನ ಎರಡು ಹಲಗೆಯ ಪುಸ್ತಕದ ಬೆನ್ನು ಓದಲು ಮೊಬೈಲ್ ಟಾರ್ಚ್ ಬೇಕು. ಗಮನಿಸಿ, ಇಲ್ಲಿ ಕವಿತೆ, ನಾಟಕ, ಜಾನಪದದ ಪುಸ್ತಕ ಬಹಳಷ್ಟು ಇರುವುದು ಕೆಳಗಿನ ಆ ಎರಡು ಹಲಗೆಯಲ್ಲೇ. ಓದುವ ಮೇಜಿನ ಮೇಲೆ 300ರಿಂದ 500 ಲಕ್ಸ್ ಬೆಳಕಿದ್ದರೆ ಸಾಕು. ಬೆಳಕು ಅಳೆಯುವ ಮೊಬೈಲಿನ ಉಚಿತ ಆ್ಯಪ್ ನಿಖರವಲ್ಲದಿದ್ದರೂ ಅಂದಾಜು ಕೊಡುತ್ತದೆ, ಮೇಜಿನ ಮೇಲೆ ಬೆಳಕು ಧಾರಾಳ, ಓಣಿಯಲ್ಲಿ ಬಡತನ ಎಂಬುದು ಅದರಲ್ಲೂ ಎದ್ದು ಕಾಣುತ್ತದೆ. ವೈರಿಂಗ್ ಗೋಡೆಯೊಳಗೆ ಹೋಗಿದ್ದರೂ ಮಾಳಿಗೆಯ ಕೆಳಮೈಗೆ ಪಿವಿಸಿ ಪಟ್ಟಿ ಹೊಡೆದು ಪ್ರತಿ ಓಣಿಯ ನಡುಮಧ್ಯಕ್ಕೆ ಒಂದೊಂದು 20 ವಾಟ್ ಎಲ್‌ಇಡಿ ಟ್ಯೂಬ್ ತರಬಹುದು. ಇಷ್ಟು ಓಣಿಗೆ ಒಬ್ಬ ಎಲೆಕ್ಟ್ರಿಷಿಯನ್ ಮತ್ತು ಒಬ್ಬ ಹೆಲ್ಪರ್ ಇದ್ದರೆ ಹೆಚ್ಚು ದಿನ ಹಿಡಿಯದು. ಟ್ಯೂಬ್ ಕೊಳ್ಳುವಾಗ 6500 ಕೆ ಎಂದಿರುವ ನೀಲಿ ಬಿಳುಪಿನದು ಬೇಡ, 4000 ಕೆ ಎಂದಿರುವುದು ತನ್ನಿ. ಎರಡು ತಾಸು ಕೂತು ಓದುವವರ ಕಣ್ಣಿಗೆ ವ್ಯತ್ಯಾಸ ತಿಳಿಯುತ್ತದೆ.

ರ‍್ಯಾಕ್ ಅಡ್ಡ ನಿಂತದ್ದರಿಂದ ಪೂರ್ವದ ಎರಡು ಕಿಟಕಿಗಳೂ ಮುಚ್ಚಿವೆ. ಬೀದರಿನಲ್ಲಿ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಮದರಸಾ 1472ರದು. ಸಾವಿರಾರು ಹಸ್ತಪ್ರತಿಗಳ ಭಂಡಾರವಿದ್ದ ಕಟ್ಟಡ. ಕೋಣೆ ಕೋಣೆಗೂ ಗಾಳಿ, ಬೆಳಕು ಬರುವ ಹಾಗೆ ಅದನ್ನು ಹೇಗೆ ಜೋಡಿಸಿದ್ದಾರೆಂದು ಈಗಲೂ ಹೋಗಿ ನೋಡಬಹುದು. ಬಸ್ಸಿನಲ್ಲಿ ಅರ್ಧ ದಿನದ ಕೆಲಸ. ಟೆಂಡರ್ ನಕ್ಷೆ ಬರೆಯುವವರು ಒಮ್ಮೆ ಹೋಗಿ ಬಂದರೆ ಕಿಟಕಿಗೆ ಕಬ್ಬಿಣದ ರ‍್ಯಾಕ್ ಒರಗಿಸುವ ಯೋಚನೆ ಬರಲಿಕ್ಕಿಲ್ಲ.

ರ‍್ಯಾಕ್‌ಗಳು ಹೊಸವು, ಎರಡೂ ಮುಖದವು, 3 ಅಡಿ ಅಗಲ, ಸುಮಾರು ಆರೂವರೆ ಅಡಿ ಎತ್ತರ. ನೋಟಕ್ಕೆ ಮಜಬೂತು. ಹಲಗೆಯ ತಗಡು ಮಾತ್ರ ತೆಳು. 3 ಅಡಿಯ ಹಲಗೆಯಲ್ಲಿ ಪುಸ್ತಕ ತುಂಬಿದರೆ ಸಾಧಾರಣ 25ರಿಂದ 35 ಕೆ.ಜಿ. ಭಾರ ಬೀಳುತ್ತದೆ. ನಿಘಂಟು, ಗ್ಯಾಜೆಟಿಯರ್ ಇಟ್ಟರೆ ಇನ್ನೂ ಹೆಚ್ಚು. ಗೇಜ್ ಸಂಖ್ಯೆ ಏರಿದಂತೆ ತಗಡು ತೆಳುವಾಗುತ್ತದೆ ಎಂಬುದನ್ನು ಖರೀದಿ ಮಾಡುವವರು ಮರೆಯುತ್ತಾರೆ: 24 ಗೇಜ್‌ಗಿಂತ 22 ದಪ್ಪ, 20 ಇನ್ನೂ ದಪ್ಪ. ಕನಿಷ್ಠ 22 ಇರಬೇಕು, ಹಲಗೆಯ ಕೆಳಗೆ ಉದ್ದಕ್ಕೊಂದು ಮಡಿಕೆಯ ಪಟ್ಟಿಯೂ ಇರಬೇಕು. ಪರೀಕ್ಷಿಸುವುದು ಸುಲಭ. ಹಲಗೆಯ ಎರಡೂ ತುದಿಗೆ ದಾರ ಬಿಗಿಹಿಡಿದು ನಡುವೆ ನೋಡಿ. ಒಂದು ಬೆರಳು ತೂರುವಷ್ಟು ಸಂದು ಕಂಡರೆ ಹಲಗೆ ಬಾಗಿದೆ. ಇಲ್ಲಿನ ಆಕರ ಗ್ರಂಥಗಳ ಸಾಲಿನಲ್ಲಿ ಆಗಲೇ ಬಾಗಿದೆ. ದಪ್ಪ ಸಂಪುಟಗಳನ್ನು ತೀರ ಕೆಳಗಿನ ಹಲಗೆಗೆ ಇಳಿಸಿ, ಪ್ರತಿ ಹಲಗೆಯ ಕಾಲು ಭಾಗ ಖಾಲಿ ಬಿಟ್ಟರೆ ಇದೇ ರ‍್ಯಾಕ್ ಬಾಳಿಕೆ ಬರುತ್ತದೆ. ಖಾಲಿ ಬಿಟ್ಟ ಜಾಗ ವ್ಯರ್ಥವಲ್ಲ. ಗಿಡಿದು ತುಂಬಿದ ಸಾಲಿನಿಂದ ಪುಸ್ತಕ ತೆಗೆಯುವಾಗ ಎಲ್ಲರೂ ಬೆನ್ನಿನ ಮೇಲ್ತುದಿಗೆ ಬೆರಳು ಸಿಕ್ಕಿಸಿ ಎಳೆಯುತ್ತಾರೆ, ಬೈಂಡು ಹರಿಯುವುದೇ ಅಲ್ಲಿಂದ.

ಹೊಸ ಗಿಲಾವು ಒಣಗುವ ಮೊದಲೇ ಗೋಡೆಗೆ ತಾಗಿಸಿ ರ‍್ಯಾಕ್ ಇಟ್ಟದ್ದೂ ತಪ್ಪು. ಗಿಲಾವು ಮತ್ತು ಬಣ್ಣದ ತೇವ ವಾರಗಟ್ಟಲೆ ಹೊರಬರುತ್ತಿರುತ್ತದೆ. ಗೋಡೆಗೂ ರ‍್ಯಾಕ್‌ಗೂ ಕನಿಷ್ಠ 4 ಇಂಚು ಸಂದು ಬೇಕು. ಇಲ್ಲಿ ಗೋಡೆಬದಿಯ ಕೆಲವು ಪುಸ್ತಕಗಳ ಅಂಚಿನಲ್ಲಿ ಕಂದು ಚುಕ್ಕಿ ಕಾಣಿಸಿಕೊಂಡಿದೆ.

ಒರಲಿಯ ಮದ್ದು ಸರಿಯಾಗಿ ಹೊಡೆದಿದ್ದಾರೆ, ಇದಕ್ಕೆ ಗುತ್ತಿಗೆದಾರರಿಗೆ ಶಹಬ್ಬಾಸ್ ಅನ್ನಲೇಬೇಕು. ಗೋಡೆ ಮತ್ತು ನೆಲ ಕೂಡುವಲ್ಲಿ ಅಡಿಗೊಂದರಂತೆ ತೂತು, ತೂತಿಗೆ ಲೀಟರಿನಷ್ಟು ಮದ್ದು, ಮೇಲೆ ಸಿಮೆಂಟಿನ ಬಿರಡೆ. ಬಿರಡೆಯ ಗುರುತು ಟೈಲ್ಸ್ ಅಂಚಿನಲ್ಲಿ ಸಾಲಾಗಿ ಕಾಣುತ್ತದೆ. ಶೇ 30.5ರ ಇಮಿಡಾಕ್ಲೋಪ್ರಿಡ್ ಎಂಬ ಮದ್ದು ಬಳಸುವುದಾದರೆ ಲೀಟರ್ ನೀರಿಗೆ 2.1 ಮಿ.ಲೀ. ಸಾಕು, 'ಸ್ಟ್ರಾಂಗ್ ಇರಲಿ' ಎಂದು ಹೆಚ್ಚು ಸುರಿದರೆ ಕೆಲಸಗಾರರಿಗೇ ಅಪಾಯ. ಆದರೆ ಈ ಮದ್ದು ನೆಲದಿಂದ ಬರುವ ಒರಲಿಗೆ. ಕಾಗದ ತಿನ್ನುವ ಬೆಳ್ಳಿಹುಳಕ್ಕೆ ತಿಂಗಳಿಗೊಮ್ಮೆ ಪುಸ್ತಕ ಕೆಳಗಿಳಿಸಿ ಧೂಳು ಹೊಡೆಯುವುದೇ ಮದ್ದು. ರ‍್ಯಾಕ್ ಮೂಲೆಯಲ್ಲಿ ನುಸಿಗುಳಿಗೆ ಸುರಿಯುವ ರೂಢಿ ಇನ್ನಾದರೂ ಬಿಡಬೇಕು, ಮಕ್ಕಳು ಬರುವ ಜಾಗದಲ್ಲಿ ಆ ವಾಸನೆ ಒಳ್ಳೆಯದಲ್ಲ.

ಪುಸ್ತಕ ಜೋಡಣೆಗೆ ಬಂದರೆ ಕೋಪ ಬರುತ್ತದೆ. ರಿಪೇರಿಗೆ ಮುಂಚೆ ಪುಸ್ತಕಗಳನ್ನು ಪ್ಲಾಸ್ಟಿಕ್ ಹುರಿಯಿಂದ ಕಟ್ಟಿ, ಗೋಣಿಚೀಲಕ್ಕೆ ತುಂಬಿ, ಹಿಂದಿನ ಕೋಣೆಯಲ್ಲಿ ಆಳೆತ್ತರ ಒಟ್ಟಿದ್ದರು. ಹುರಿ ಕೊಯ್ದ ಗುರುತು ರಟ್ಟುಗಳ ಮೇಲಿದೆ. ಕಟ್ಟಿಗೊಂದು ಚೀಟಿ ಅಂಟಿಸಿ 'ರ‍್ಯಾಕ್ 7, ಹಲಗೆ 3' ಅಂತ ಬರೆದಿದ್ದರೆ ವಾಪಸ್ ಇಡುವುದು ವಾರದ ಕೆಲಸ. ಚೀಟಿ ಇಲ್ಲದ್ದಕ್ಕೆ ಈಗ ಅಳತೆ ನೋಡಿ ಇಟ್ಟಿದ್ದಾರೆ: ಎತ್ತರದ್ದು ಎತ್ತರದ ಜೊತೆ, ಗಿಡ್ಡದ್ದು ಗಿಡ್ಡದರ ಜೊತೆ. ಹೀಗಾಗಿ ವಚನ ಸಂಪುಟದ ಪಕ್ಕ ಟ್ರ್ಯಾಕ್ಟರ್ ರಿಪೇರಿ ಕೈಪಿಡಿ. ಬಾಡಿಗೆ ಮನೆ ಬದಲಿಸುವವರು ಕೂಡ ಅಡುಗೆ ಡಬ್ಬಿ ಯಾವುದು, ಬಟ್ಟೆ ಯಾವುದು ಅಂತ ಚೀಲದ ಮೇಲೆ ಬರೆದಿರುತ್ತಾರೆ! ಓದುಗರ ಸಮಯ ಉಳಿಸಿ ಎಂಬುದು ಗ್ರಂಥಾಲಯ ಶಾಸ್ತ್ರಜ್ಞ ಎಸ್.ಆರ್. ರಂಗನಾಥನ್ 1931ರಲ್ಲೇ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು. ಗ್ರಂಥಪಾಲಕರ ದಿನವೆಂದು ಆಗಸ್ಟ್ 12ಕ್ಕೆ ಅವರ ಫೋಟೊಗೆ ಹಾರ ತಪ್ಪುವುದಿಲ್ಲ.

ಉರ್ದು ವಿಭಾಗವನ್ನು ಹತ್ತಿರದಿಂದ ನೋಡಿದರೆ ಜೋಡಿಸಿದವರಿಗೆ ಭಾಷೆ ಬರುವುದಿಲ್ಲ ಎಂಬುದು ತಟ್ಟನೆ ತಿಳಿಯುತ್ತದೆ. ಉರ್ದು ಪುಸ್ತಕ ಬಲದಿಂದ ತೆರೆಯುತ್ತದೆ. ನಾವು ಹಿಂದಿನ ರಟ್ಟು ಎನ್ನುವುದೇ ಅದಕ್ಕೆ ಮುಖಪುಟ. ಇಲ್ಲಿ ಎಷ್ಟೋ ಪುಸ್ತಕಗಳಲ್ಲಿ ದಿನಾಂಕದ ಚೀಟಿಯನ್ನು 'ಕೊನೆಯ ಪುಟ' ಎಂದುಕೊಂಡು ಮೊದಲ ಪುಟಕ್ಕೆ ಅಂಟಿಸಿದ್ದಾರೆ, ಶೀರ್ಷಿಕೆಯೇ ಮುಚ್ಚಿಹೋಗಿದೆ. ಸಂಪುಟಗಳನ್ನು ಎಡದಿಂದ ಬಲಕ್ಕೆ 1, 2, 3 ಎಂದು ಇಟ್ಟಿದ್ದಾರೆ. ಉರ್ದು ಓದುಗರ ಕಣ್ಣು ಬಲದಿಂದ ಹುಡುಕುತ್ತದೆ, ಮೊದಲು ಸಿಗುವುದು ಕೊನೆಯ ಸಂಪುಟ. ಕೆಲವಂತೂ ತಲೆಕೆಳಗು. ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಬೀದಿಯಲ್ಲಿ ಕೇಳಿಸುವ ಊರಿದು. ಉರ್ದು ಬಲ್ಲ ಇಬ್ಬರು ನಿವೃತ್ತ ಮೇಷ್ಟ್ರುಗಳನ್ನು ಕರೆದು ಚಹಾ ಕೊಟ್ಟು ಕೂರಿಸಿದರೆ ಎರಡು ಭಾನುವಾರದಲ್ಲಿ ಸರಿಹೋಗುವ ಕೆಲಸ.

ಕಂಪ್ಯೂಟರ್ ಸೂಚಿ ಇದೆ, ಹುಡುಕಿದರೆ ಪುಸ್ತಕ ಸಿಗದು. ಕಾರಣ ತಾಂತ್ರಿಕ, ಹಲವು ಗ್ರಂಥಾಲಯಗಳಿಗೆ ಅನ್ವಯಿಸುವಂಥದ್ದು. ಹಳೆಯ ಪಟ್ಟಿಯನ್ನು ಟೈಪ್ ಮಾಡಿದ್ದು 'ನುಡಿ' ತಂತ್ರಾಂಶದ ಹಳೆ ಫಾಂಟಿನಲ್ಲಿ. ಆ ಫಾಂಟಿನಲ್ಲಿ ತೆರೆಗೆ ಕಾಣುವುದು ಕನ್ನಡ, ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕೋಡು. ಈಗ ನಾವು ಮೊಬೈಲ್, ಕಂಪ್ಯೂಟರಿನಲ್ಲಿ ಟೈಪಿಸುವುದು ಯುನಿಕೋಡ್. ಎರಡಕ್ಕೂ ಹೊಂದಿಕೆ ಇಲ್ಲದ್ದರಿಂದ ಲೇಖಕರ ಹೆಸರು ಎಷ್ಟು ಸರಿಯಾಗಿ ಬರೆದರೂ 'ಫಲಿತಾಂಶ ಇಲ್ಲ'. ಪಟ್ಟಿಯನ್ನು ಮತ್ತೆ ಟೈಪ್ ಮಾಡಬೇಕಿಲ್ಲ, ಪರಿವರ್ತಕ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಕೆಟ್ಟಿರುವುದನ್ನು ಕಣ್ಣಿಂದ ತಿದ್ದಬೇಕು. 'ಕರ್ನಾಟಕ', 'ಧರ್ಮ', 'ಸೂರ್ಯ' ಇಂಥ ಪದಗಳಲ್ಲೇ ತಪ್ಪು ಹೆಚ್ಚು. ತಿದ್ದಿದ ಪಟ್ಟಿಯನ್ನು ಕೊಹಾ ಎಂಬ ಗ್ರಂಥಾಲಯ ತಂತ್ರಾಂಶಕ್ಕೋ, ಅಂಥದ್ದೇ ಆದ ಎನ್‌ಐಸಿಯ ಇ-ಗ್ರಂಥಾಲಯಕ್ಕೋ ಏರಿಸಿದರೆ ಹುಡುಕಾಟ ನಡೆಯುತ್ತದೆ. ಅಲ್ಲಿವರೆಗೆ ಹಳೆಯ ದಾಖಲಾತಿ ರಿಜಿಸ್ಟರನ್ನು ಅಟ್ಟಕ್ಕೆ ಹಾಕಬಾರದು.

ಇಷ್ಟೆಲ್ಲ ಬೈದ ಮೇಲೆ ಓದುವ ಹಾಲ್ ಬಗ್ಗೆ ಹೊಗಳಲೇಬೇಕು. ಮೇಜುಗಳ ಮೇಲೆ ಮಿಂಚದ ಲ್ಯಾಮಿನೇಟ್, ಹಾಗಾಗಿ ದೀಪ ಕಣ್ಣಿಗೆ ಹೊಡೆಯದು. ತಲೆಗೆ ಎರಡೂವರೆ ಅಡಿ ಜಾಗ: ಒಂದು ಪುಸ್ತಕ, ಒಂದು ನೋಟ್ಸ್, ನೀರಿನ ಬಾಟಲಿ ಹಿಡಿಯುತ್ತದೆ. ಪ್ಲಗ್ ಪಾಯಿಂಟ್ ಮೇಜಿನ ನಡುವಿನ ಪಟ್ಟಿಯಲ್ಲೇ ಇವೆ, ನೆಲದ ಮೇಲೆ ವೈರ್ ತೊಡರುವುದಿಲ್ಲ. ಕರೆಂಟು ಹೋದರೆ ದೀಪ, ಫ್ಯಾನು ಇನ್ವರ್ಟರ್ ಮೇಲೆ ನಡೆಯುತ್ತವೆ. ಒಂದೇ ದೋಷ: ಮೇಜಿನ ಪ್ಲಗ್ ಮತ್ತು ಕೂಲರ್ ಒಂದೇ ಎಂಸಿಬಿ (ಭಾರ ಹೆಚ್ಚಾದರೆ ಕರೆಂಟು ಕಡಿಯುವ ಸ್ವಿಚ್) ಮೇಲಿವೆ. ಬೇಸಿಗೆ ಮಧ್ಯಾಹ್ನ ಹತ್ತಾರು ಲ್ಯಾಪ್‌ಟಾಪ್, ಎರಡು ಕೂಲರ್ ಒಟ್ಟಿಗೆ ಓಡಿದರೆ ಟ್ರಿಪ್. ದೊಡ್ಡ ಎಂಸಿಬಿ ಹಾಕುವುದು ಪರಿಹಾರವಲ್ಲ, ಅದರಿಂದ ವೈರ್ ಕಾಯುತ್ತದೆ. ಕೂಲರ್‌ಗೆ ಬೇರೆ ಸರ್ಕ್ಯೂಟ್ ಎಳೆಯಬೇಕು.

ಈ ಹಾಲ್ ತುಂಬುವವರು ಬಹುಪಾಲು ಸ್ಪರ್ಧಾತ್ಮಕ ಪರೀಕ್ಷೆಯವರು. ಪಿಎಸ್‌ಐ, ಪಿಡಿಒ, ಎಫ್‌ಡಿಎ, ಗ್ರಾಮ ಆಡಳಿತ ಅಧಿಕಾರಿ, ಕೆಎಎಸ್. ಕಲ್ಯಾಣ ಕರ್ನಾಟಕಕ್ಕೆ ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371(ಜೆ) ವಿಧಿ ಬಂದಮೇಲೆ ಈ ಭಾಗದ ಹುಡುಗ ಹುಡುಗಿಯರಿಗೆ ಸರ್ಕಾರಿ ನೌಕರಿಯ ಆಸೆ ಗಟ್ಟಿಯಾಗಿದೆ, ಬಾಡಿಗೆ ಕೋಣೆಯ ಶೆಕೆಯಲ್ಲಿ ಓದಲಾಗದವರಿಗೆ ಇದಕ್ಕಿಂತ ಒಳ್ಳೆ ಜಾಗವಿಲ್ಲ. ಅವರ ಮೇಲೆ ಗೊಣಗುವುದು ಅನ್ಯಾಯ. ಆದರೆ ಬೆಳಿಗ್ಗೆ ಬಾಗಿಲು ತೆಗೆದ ಅರ್ಧ ಗಂಟೆಯಲ್ಲಿ ಎಲ್ಲ ಖುರ್ಚಿಯ ಮೇಲೂ ಒಂದು ಚೀಲ, ಒಂದು ಟವೆಲ್ಲು. ಚೀಲದ ಮಾಲೀಕ ಮಿರ್ಚಿ ಭಜಿ ಬಂಡಿಯ ಹತ್ತಿರ. ಕತೆ ಪುಸ್ತಕ ಹಿಡಿದು ಅರ್ಧ ತಾಸು ಕೂರಲು ಬಂದವರು ನಿಂತೇ ಇರಬೇಕು. ಒಂದು ಸಾಲನ್ನು 'ಇಲ್ಲಿನ ಪುಸ್ತಕ ಓದುವವರಿಗೆ ಮಾತ್ರ' ಎಂದು ಮೀಸಲಿಟ್ಟು, ಉಳಿದ ಕಡೆ 30 ನಿಮಿಷಕ್ಕಿಂತ ಹೆಚ್ಚು ಖಾಲಿ ಬಿಟ್ಟ ಖುರ್ಚಿಯ ಚೀಲ ಕೌಂಟರ್‌ಗೆ ಬರುತ್ತದೆ ಎಂಬ ನಿಯಮ ಮಾಡಿದರೆ ಜಗಳವಿಲ್ಲದೆ ಬಗೆಹರಿಯುತ್ತದೆ. ಚೀಲ ಇಡಲು ಬಾಗಿಲ ಬಳಿ ಗೂಡುಗಳಿದ್ದರೆ ಇನ್ನೂ ವಾಸಿ.

ಪತ್ರಿಕೆಯ ಮೂಲೆ ಕೆಟ್ಟಿದೆ. ಮುಂಚೆ ಇಳಿಜಾರಿನ ಮರದ ಸ್ಟ್ಯಾಂಡ್‌ಗಳಿದ್ದವು, ಪತ್ರಿಕೆಯನ್ನು ಸರಳಿಗೆ ಸಿಕ್ಕಿಸಿರುತ್ತಿದ್ದರು. ನಿಂತುಕೊಂಡು ಮೂರು ಜನ ಒಂದೇ ಪುಟ ಓದಿ, ವಾದ ಮಾಡಿ ಹೋಗುತ್ತಿದ್ದರು. ಈಗ ಸೋಫಾ. ಸೋಫಾದಲ್ಲಿ ಕೂತವರ ಕೈಯಲ್ಲಿ ಪೂರ್ತಿ ಪತ್ರಿಕೆ, ಪುರವಣಿ ತೊಡೆಯ ಕೆಳಗೆ, ಉಳಿದವರು ಮುಖ ನೋಡುತ್ತ ಕಾಯಬೇಕು. ಹತ್ತು ಗಂಟೆಯ ಹೊತ್ತಿಗೆ ಉರ್ದು ಪತ್ರಿಕೆ ಸಿಯಾಸತ್‌ನ ಒಂದು ಹಾಳೆ ಪ್ರಜಾವಾಣಿಯೊಳಗೆ ಸೇರಿರುತ್ತದೆ. ಹಳೆ ಸ್ಟ್ಯಾಂಡ್‌ಗಳು ಹಿತ್ತಿಲಲ್ಲಿ ಬಿದ್ದಿವೆ, ಸಾಗವಾನಿ. ಉಜ್ಜಿ ವಾರ್ನಿಶ್ ಹಚ್ಚಿ ಒಳಗೆ ತನ್ನಿ.

ಮಕ್ಕಳ ಮೂಲೆಯಲ್ಲಿ ಗಿಡ್ಡ ಕಪಾಟು, ಮುಖಪುಟ ಕಾಣುವಂತೆ ಪುಸ್ತಕ, ಎಲ್ಲ ಸರಿ. ನೆಲಕ್ಕೆ ಹಾಸಿದ ದಪ್ಪ ಕಾರ್ಪೆಟ್ ಮಾತ್ರ ಧೂಳಿನ ಗೋದಾಮು. ಜಮಖಾನ ಸಾಕು, ಹೊರಗೆ ಒಯ್ದು ಕೊಡವಬಹುದು. ಭಾನುವಾರ ಬೆಳಿಗ್ಗೆ ಇಲ್ಲಿ ಮಕ್ಕಳ ಗದ್ದಲ ಚೆನ್ನಾಗಿರುತ್ತದೆ. ಪರೀಕ್ಷೆಯವರ ಹಾಲ್‌ಗೂ ಇದಕ್ಕೂ ನಡುವೆ ಬಾಗಿಲಿರುವುದರಿಂದ ಯಾರೂ ಯಾರನ್ನೂ ಶ್ ಅನ್ನಬೇಕಿಲ್ಲ. ನವೆಂಬರ್ 14ರಿಂದ 20ರ ಗ್ರಂಥಾಲಯ ಸಪ್ತಾಹ ಬಂದಾಗ ಭಾಷಣಕ್ಕೆ ಇದೇ ಕೋಣೆಯನ್ನು ಕಸಿದುಕೊಳ್ಳದಿದ್ದರೆ ಆಯಿತು.

ಬಾಗಿಲಲ್ಲಿ ಇಳಿಜಾರು ದಾರಿ ಇದೆ, ಗಾಲಿಖುರ್ಚಿ ಏರದು. ಪ್ರಮಾಣ 1:12, ಅಂದರೆ ಒಂದೂವರೆ ಅಡಿ ಎತ್ತರಕ್ಕೆ 18 ಅಡಿ ಉದ್ದ ಬೇಕು. ಇಲ್ಲಿ ಅದರ ಅರ್ಧವೂ ಇಲ್ಲ, ಮೇಲೆ ನುಣುಪು ಟೈಲ್ಸ್ ಬೇರೆ. ನೇರ ಜಾಗವಿಲ್ಲದಿದ್ದರೆ ಗೋಡೆಗುಂಟ ತಿರುವು ಕೊಟ್ಟು ಕಟ್ಟಬಹುದಿತ್ತು. ಮಹಿಳೆಯರ ಶೌಚಾಲಯ ಹೊಸದು, ಸ್ವಚ್ಛ, ಬೀಗದ ಕೈ ಮಾತ್ರ ಸಿಬ್ಬಂದಿಯ ಕಿಸೆಯಲ್ಲಿ. ಇದು ಕಟ್ಟಡದ ದೋಷವಲ್ಲ, ಅಭ್ಯಾಸದ್ದು. ಕೌಂಟರಿನ ಪಕ್ಕ ಒಂದು ಮೊಳೆ ಹೊಡೆದು ಬೀಗದ ಕೈ ತೂಗುಹಾಕಿದರೆ ಕೇಳುವ ಸಂಕೋಚ ಇರುವುದಿಲ್ಲ. ಸಂಜೆ ಓದಲು ಬರುವ ಹುಡುಗಿಯರ ದೃಷ್ಟಿಯಿಂದ ಗೇಟಿನ ದೀಪವೂ ಅಷ್ಟೇ ಮುಖ್ಯ, ಅದಿನ್ನೂ ಬಂದಿಲ್ಲ.

ಹೋಗುವವರಿಗೆ: ಸೋಮವಾರ ರಜೆ, ಎರಡನೇ ಮಂಗಳವಾರ ಹೋಗುವ ಮುಂಚೆ ಫಲಕ ನೋಡಿಕೊಳ್ಳಿ. ಖುರ್ಚಿ ಬೇಕಿದ್ದರೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಪುಸ್ತಕ ಹುಡುಕಬೇಕಿದ್ದರೆ ಮಧ್ಯಾಹ್ನದ ಊಟದ ಹೊತ್ತು ಒಳ್ಳೆಯದು, ಓಣಿಗಳು ಖಾಲಿ ಇರುತ್ತವೆ, ಟಾರ್ಚ್ ಚಾರ್ಜ್ ಇರಲಿ. ಸದಸ್ಯತ್ವಕ್ಕೆ ಆಧಾರ್ ಪ್ರತಿ, ಫೋಟೊ ಒಯ್ಯಿರಿ. ಠೇವಣಿಯ ರಸೀದಿ ಜೋಪಾನ, ಅದಿಲ್ಲದೆ ಮುಂದೆ ಠೇವಣಿ ವಾಪಸ್ ಪಡೆಯುವುದು ಕಷ್ಟ. ಮನೆಯಿಂದಲೇ ಓದುವವರಿಗೆ 2020ರಲ್ಲಿ ಬಂದ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದ ಆ್ಯಪ್ ಇದೆ, ನೋಂದಣಿ ಉಚಿತ. ಬೇಕಾದ ಪುಸ್ತಕ ಇಲ್ಲಿ ಸಿಗದಿದ್ದರೆ ಕೌಂಟರಿನ ಮೇಲಿನ ಸಲಹಾ ಪುಸ್ತಕದಲ್ಲಿ ಶೀರ್ಷಿಕೆ, ಲೇಖಕ, ಪ್ರಕಾಶಕರ ಹೆಸರು ಮೂರನ್ನೂ ಬರೆದು ಬನ್ನಿ. 'ಒಳ್ಳೆ ಪುಸ್ತಕ ತರಿಸಿ' ಅಂತ ಬರೆದದ್ದು ಅದರಲ್ಲಿ ಆಗಲೇ ಬೇಕಾದಷ್ಟಿದೆ.